ಓಡುವವಳಿಗೆ ಹಾರ, ಓಡಿಬಂದವಳಿಗೆ ಮುಚ್ಚಿದ ಕದ

ಸ್ತ್ರೀಯರ ಮೇಲಿನ ದೌರ್ಜನ್ಯವನ್ನು ಖಂಡಿಸಿ ಜನರನ್ನು ಎಚ್ಚರಿಸಲು ನೂರಾರು ಹರದಾರಿ ಓಡುವವರೂ ನಡೆಯುವವರೂ ಇಂದು ಇದ್ದಾರೆ. ಸೃಷ್ಟಿ ಬಕ್ಷಿ ಎಂಬ ಮಹಿಳೆ 2018ರಲ್ಲಿ ಕನ್ಯಾಕುಮಾರಿಯಿಂದ ಹೊರಟು ಕಾಶ್ಮೀರದವರೆಗೆ ಸುಮಾರು 3,800 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಕ್ರಮಿಸಿದರು. ಇಂಥವರು ಮುದ್ದೇಬಿಹಾಳಕ್ಕೆ ಬಂದರೆ ನಾವು ಹಾರ ಹಾಕಿ ಜಯಘೋಷ ಮಾಡುವೆವು. ಅದು ಯೋಗ್ಯವೇ ಸರಿ.

ಆದರೆ ಗಂಡನ ಹೊಡೆತ ತಾಳಲಾರದೆ ನಡುರಾತ್ರಿ ತವರಿಗೆ ಓಡಿಬಂದವಳಿಗೆ ನಾವು ಹೇಳುವುದೇನು? "ಹೊಂದಿಕೊಂಡು ಹೋಗವ್ವ, ಮನೆತನದ ಮರ್ಯಾದೆ ನೋಡು" ಎಂದು ಬೆಳಗಿನ ಬಸ್ಸು ಹತ್ತಿಸುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇದು ಬೇರೆಲ್ಲ ರಾಜ್ಯಗಳಿಗಿಂತ ಅಧಿಕ. ಬಸವಣ್ಣನವರ ಬಾಗೇವಾಡಿಯ ನೆರೆಯವರಾದ ನಮಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ?

"ಅದು ಮನೆಯೊಳಗಿನ ಮಾತು, ಮಠಕ್ಕೇಕೆ?" ಎನ್ನುವವರುಂಟು. ಕೌಶಿಕನ ಅರಮನೆಯನ್ನು ತೊರೆದು ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದಳು. ಶರಣರು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದ್ದು ನಿಜ, ತಿರುಗಿ ಕಳುಹಿಸಲಿಲ್ಲ. ಆಕೆಯ ಜಯಂತಿ ಆಚರಿಸುವ ನಮಗೆ ಮನೆಮಗಳನ್ನು ತಿರುಗಿ ಕಳುಹಿಸುವ ಅಧಿಕಾರ ಎಲ್ಲಿಂದ ಬಂತು?

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇಂಥವಳಿಗೆ ನ್ಯಾಯಾಲಯದ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ನಿರ್ಭಯವಾಗಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. 181 ಸಂಖ್ಯೆಯ ಸಹಾಯವಾಣಿಯಿದೆ. ಪುರಾಣ ಪ್ರವಚನದಲ್ಲಿ, ಸಾಮೂಹಿಕ ವಿವಾಹದ ಮಂಟಪದಲ್ಲಿ ಇದನ್ನು ಸಾರಿ ಹೇಳಿರಿ. ಸಾವಿರಾರು ಮೈಲಿ ಓಡುವುದು ಎಲ್ಲರಿಗೂ ಸಾಧ್ಯವಿಲ್ಲ. ಹಾಸಿಗೆಯಿಂದೆದ್ದು ಕದದ ಅಗುಳಿ ತೆಗೆಯುವಷ್ಟು ದೂರ ಎಲ್ಲರೂ ನಡೆಯಬಲ್ಲರು.