ಆದೇಶ ಪತ್ರ ಕೈಯಲ್ಲಿದೆ, ಹಣ ಖಾತೆಗಿಲ್ಲ: ಅಂಗವಿಕಲ ಮಾಸಾಶನ, ಯುವನಿಧಿ ಸಿಕ್ಕಿಹಾಕಿಕೊಳ್ಳೋದು ಎಲ್ಲಿ?

ಶಿವಮೊಗ್ಗ: ನಿರುದ್ಯೋಗಿ ಪದವೀಧರರಿಗೆ ಭತ್ಯೆ ಕೊಡುವ ಯುವನಿಧಿ ಯೋಜನೆಯ ಹಣ ಬಿಡುಗಡೆಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ಇದೇ ಶಿವಮೊಗ್ಗದಲ್ಲಿ. ಅಂಗವಿಕಲರ ಮಾಸಾಶನ ಅದಕ್ಕಿಂತ ಬಹಳ ಹಳೇದು. ಒಂದು ಕೌಶಲ್ಯಾಭಿವೃದ್ಧಿ ಇಲಾಖೆಯದ್ದು, ಇನ್ನೊಂದು ಕಂದಾಯ ಇಲಾಖೆಯದ್ದು. ಫಲಾನುಭವಿಗಳೂ ಬೇರೆ ಬೇರೆ. ಆದ್ರೆ ನಾಡಕಚೇರಿ, ಸೈಬರ್ ಸೆಂಟರ್, ಬ್ಯಾಂಕ್ ಕೌಂಟರ್ ಮುಂದೆ ನಿಂತವರು ಕೇಳೋ ಪ್ರಶ್ನೆ ಮಾತ್ರ ಒಂದೇ: ಬರ್ತಿದ್ದ ದುಡ್ಡು ಯಾಕೆ ನಿಂತೋಯ್ತು?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಚೇರಿ ಯಾವುದು ಅನ್ನೋದೇ ಸ್ಪಷ್ಟವಿಲ್ಲ. ಅರ್ಜಿ ಹಾಕುವಾಗ ಹತ್ತು ಕಡೆ ಪರಿಶೀಲನೆ ಇದೆ. ಹಣ ನಿಂತಾಗ ಕಾರಣ ಹೇಳೋರು ಒಬ್ಬರೂ ಇಲ್ಲ. ಎರಡೂ ಯೋಜನೆಗಳ ದೊಡ್ಡ ಕೊರತೆ ಇದೇ.

ಒಂದು ಮಾಸಾಶನ, ಐದು ಬಾಗಿಲು

ಅಂಗವಿಕಲ ಮಾಸಾಶನ ಬೇಕಂದ್ರೆ ಮೊದಲು ವೈದ್ಯರ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಬೇಕು. ಇದು ಆರೋಗ್ಯ ಇಲಾಖೆ ಮತ್ತು ವಿಕಲಚೇತನರ ಸಬಲೀಕರಣ ಇಲಾಖೆಯ ಕೆಲಸ. ಆಮೇಲೆ ಆದಾಯ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಮಂಜೂರಾತಿ ಆದೇಶ. ಇದು ಕಂದಾಯ ಇಲಾಖೆ. ಹಣ ಹೋಗೋದು ಖಜಾನೆಯಿಂದ. ಬೀಳೋದು ಬ್ಯಾಂಕ್ ಅಥವಾ ಅಂಚೆ ಖಾತೆಗೆ. ನಡುವೆ ಆಧಾರ್ ಇದೆ.

ಈ ಸಾಲಿನಲ್ಲಿ ಒಂದು ಕೊಂಡಿ ಕಳಚಿದರೂ ಹಣ ನಿಲ್ಲುತ್ತೆ. ಬ್ಯಾಂಕ್‌ನವರು ‘ನಮಗೆ ಬಂದಿಲ್ಲ, ತಾಲೂಕು ಕಚೇರಿಯಲ್ಲಿ ಕೇಳಿ’ ಅಂತಾರೆ. ತಾಲೂಕು ಕಚೇರಿಯವರು ‘ನಮ್ಮ ಕಡೆಯಿಂದ ಹೋಗಿದೆ, ಬ್ಯಾಂಕ್‌ನಲ್ಲಿ ವಿಚಾರಿಸಿ’ ಅಂತಾರೆ. ಇಬ್ಬರು ಹೇಳೋದೂ ನಿಜ ಇರಬಹುದು. ಊರುಗೋಲು ಹಿಡಿದು ಎರಡು ಕಡೆ ಓಡಾಡೋನಿಗೆ ಮಾತ್ರ ಒಂದು ದಿನ ಹೋಯ್ತು, ಜೊತೆಗೆ ಬಂದವನ ಕೂಲಿಯೂ ಹೋಯ್ತು.

ಹಣ ನಿಲ್ಲೋ ಸಾಮಾನ್ಯ ಕಾರಣಗಳು

ಮೊದಲನೆಯದು ಆಧಾರ್ ಜೋಡಣೆ. ನೇರ ವರ್ಗಾವಣೆಯ ಹಣ ಪಾಸ್‌ಬುಕ್ ನಂಬರ್ ನೋಡಿ ಬರೋದಿಲ್ಲ, ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಯಾವುದೋ ಸಾಲಕ್ಕೋ ಸಂಘಕ್ಕೋ ಹೊಸ ಖಾತೆ ತೆರೆದು, ಅಲ್ಲಿ ಆಧಾರ್ ಜೋಡಿಸಲು ಸಹಿ ಹಾಕಿದ್ದರೆ ಮಾಸಾಶನ ಆ ಹೊಸ ಖಾತೆಗೆ ಬೀಳಬಹುದು. ‘ನಿಂತಿದೆ’ ಅಂದುಕೊಂಡ ಹಣ ಇನ್ನೊಂದು ಪಾಸ್‌ಬುಕ್‌ನಲ್ಲಿ ಸಿಕ್ಕ ಉದಾಹರಣೆಗಳು ಕಡಿಮೆ ಏನಲ್ಲ. ‘ಖಾತೆಗೆ ಆಧಾರ್ ಲಿಂಕ್ ಆಗಿದೆ’ ಅನ್ನೋದು ಬೇರೆ, ‘ಎನ್‌ಪಿಸಿಐ ಜೋಡಣೆ ಆಗಿದೆ’ ಅನ್ನೋದು ಬೇರೆ. ಬ್ಯಾಂಕ್‌ನಲ್ಲಿ ಕೇಳುವಾಗ ಈ ಎರಡನೆಯದನ್ನೇ ಹೆಸರು ಹಿಡಿದು ಕೇಳಬೇಕು.

ಎರಡನೆಯದು ಹೆಸರು. ಆಧಾರ್‌ನಲ್ಲಿ ತಂದೆ ಹೆಸರು ಪೂರ್ತಿ, ಪಡಿತರ ಚೀಟಿಯಲ್ಲಿ ಇನಿಷಿಯಲ್, ಅಂಕಪಟ್ಟಿಯಲ್ಲಿ ಊರ ಹೆಸರು. ಊರಿನವರಿಗೆ ಮೂವರೂ ಒಬ್ಬರೇ. ಕಂಪ್ಯೂಟರ್‌ಗೆ ಮೂರು ಜನ.

ಮೂರನೆಯದು ಮೊಬೈಲ್ ನಂಬರ್. ಅರ್ಜಿ ಹಾಕಿಕೊಟ್ಟವರು ತಮ್ಮ ನಂಬರನ್ನೇ ಕೊಟ್ಟಿದ್ದರೆ ಒಟಿಪಿ, ಮೆಸೇಜ್ ಎಲ್ಲಾ ಅವರಿಗೇ ಹೋಗುತ್ತೆ. ಹಳೇ ಸಿಮ್ ಬಂದ್ ಆಗಿದ್ದರೂ ಅದೇ ಕಥೆ. ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗೋ ಜಾಗಕ್ಕೆ ಹೋಗಿ ಒಟಿಪಿ ನೋಡಿಕೊಂಡು ಬರೋ ಹೊತ್ತಿಗೆ ಅದರ ಅವಧಿಯೇ ಮುಗಿದಿರುತ್ತೆ.

ನಾಲ್ಕನೆಯದು ತಾತ್ಕಾಲಿಕ ಪ್ರಮಾಣಪತ್ರ. ಕೆಲವು ಅಂಗವೈಕಲ್ಯಕ್ಕೆ ವೈದ್ಯರು ಇಷ್ಟು ವರ್ಷ ಅಂತ ಅವಧಿ ಹಾಕಿ ಕೊಡ್ತಾರೆ. ಅವಧಿ ಮುಗಿದರೆ ಮತ್ತೆ ತಪಾಸಣೆ ಆಗಬೇಕು. ತಾಲೂಕು ಆಸ್ಪತ್ರೆಯಲ್ಲಿ ಆ ವಿಭಾಗದ ತಜ್ಞರಿಲ್ಲದಿದ್ದರೆ ಶಿವಮೊಗ್ಗಕ್ಕೆ ಬರಬೇಕು. ಪ್ರಮಾಣಪತ್ರ ಕೊಡಲು ಈ ಹಿಂದೆ ಒಂದು ತಿಂಗಳ ಗಡುವು ಇತ್ತು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ ಅದನ್ನು ಮೂರು ತಿಂಗಳು ಮಾಡಿದೆ. ಅಂದ್ರೆ ಅವಧಿ ಮುಗಿದ ಮೇಲೆ ಓಡಾಟ ಶುರು ಮಾಡಿದರೆ ನಡುವೆ ಕೆಲವು ತಿಂಗಳ ಮಾಸಾಶನಕ್ಕೆ ಕುತ್ತು ಬರಬಹುದು.

ಶೇಕಡಾವಾರು ಗೊಂದಲ

ಅಂಗವಿಕಲರ ಹಕ್ಕುಗಳ ಅಧಿನಿಯಮ 2016 ಬಂದ ಮೇಲೆ 21 ಬಗೆಯ ಅಂಗವೈಕಲ್ಯಗಳಿಗೆ ಮಾನ್ಯತೆ ಇದೆ. 1995ರ ಹಳೇ ಕಾಯ್ದೆಯಲ್ಲಿ ಇದ್ದದ್ದು 7 ಮಾತ್ರ. ಸೌಲಭ್ಯಕ್ಕೆ ಕನಿಷ್ಠ ಶೇ.40 ಇರಬೇಕು ಅನ್ನೋದು ಸಾಮಾನ್ಯ ಲೆಕ್ಕ.

ಇಲ್ಲಿಂದ ಮುಂದೆ ಲೆಕ್ಕ ಬೇರೆ ಬೇರೆ ಆಗುತ್ತೆ. ರಾಜ್ಯದ ಮಾಸಾಶನ ಶೇ.40ರಿಂದ 75ರವರೆಗೆ 800 ರೂ., ಅದಕ್ಕಿಂತ ಮೇಲೆ 1,400 ರೂ. ಯುಡಿಐಡಿ ಕಾರ್ಡ್ ಬಣ್ಣ ಬದಲಾಗೋದು ಶೇ.80ಕ್ಕೆ. ಅಲ್ಲಿವರೆಗೆ ಹಳದಿ, ಆಮೇಲೆ ನೀಲಿ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೂ ಶೇ.80 ಇರಬೇಕು. ಅದಕ್ಕೆ ಕೇಂದ್ರ ಕೊಡೋ ಪಾಲು ತಿಂಗಳಿಗೆ 300 ರೂ., ಅದೂ 2012ರಲ್ಲಿ ನಿಗದಿಯಾದ ಮೊತ್ತ. ಹೀಗಾಗಿ ಶೇ.78 ಇರೋ ಒಬ್ಬರು ರಾಜ್ಯದ ಲೆಕ್ಕದಲ್ಲಿ ತೀವ್ರ ಅಂಗವಿಕಲರು, ಕೇಂದ್ರದ ಲೆಕ್ಕದಲ್ಲಿ ಅಲ್ಲ. ‘ಅವರಿಗೆ ಜಾಸ್ತಿ ಬರುತ್ತೆ, ನನಗೆ ಯಾಕೆ ಇಲ್ಲ’ ಅಂತ ಹಳ್ಳಿಯಲ್ಲಿ ನಡೆಯೋ ಎಷ್ಟೋ ಜಗಳದ ಮೂಲ ಇಲ್ಲೇ ಇದೆ.

800 ರೂಪಾಯಿ ಕಾನೂನಿಗೆ ಸರಿಹೊಂದುತ್ತಾ?

2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಕೂಡಲೇ ಮಾಡಿದ ಘೋಷಣೆಯಲ್ಲಿ ಶೇ.40ರಿಂದ 75ರ ಅಂಗವಿಕಲರ ಮಾಸಾಶನ 600ರಿಂದ 800 ರೂ. ಆಯ್ತು. ವಿಧವಾ ವೇತನವೂ 600ರಿಂದ 800 ಆಯ್ತು. ಅದೇ ಘೋಷಣೆಯಲ್ಲಿ ಸಂಧ್ಯಾ ಸುರಕ್ಷಾ 1,000ದಿಂದ 1,200 ರೂ.ಗೆ ಏರಿತು.

ಈಗ 2016ರ ಕಾಯ್ದೆಯ 24ನೇ ಸೆಕ್ಷನ್ ಓದಬೇಕು. ಬೇರೆಯವರಿಗೆ ಇರುವ ಅದೇ ಬಗೆಯ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ.25ರಷ್ಟು ಹೆಚ್ಚಿರಬೇಕು ಅನ್ನುತ್ತೆ ಅದು. ವಿಧವಾ ವೇತನದ 800ಕ್ಕೆ ಶೇ.25 ಸೇರಿಸಿದರೆ 1,000 ರೂ. ಸಂಧ್ಯಾ ಸುರಕ್ಷಾದ 1,200ಕ್ಕೆ ಸೇರಿಸಿದರೆ 1,500 ರೂ. ಯಾವ ಕಡೆಯಿಂದ ಲೆಕ್ಕ ಹಾಕಿದರೂ 800 ಕಮ್ಮಿಯೇ. ಮಾಸಾಶನ ಹೆಚ್ಚಿಸಿ ಅಂತ ಮನವಿ ಕೊಡುವ ಸಂಘಟನೆಗಳು ‘ಬೆಲೆ ಏರಿದೆ’ ಅನ್ನೋದರ ಜೊತೆಗೆ ಈ ಸೆಕ್ಷನ್ ಕೂಡ ಬರೆಯಬೇಕು. ದಯೆ ಕೇಳೋದಕ್ಕಿಂತ ಹಕ್ಕು ಕೇಳೋದು ಗಟ್ಟಿ.

ಆದಾಯ ಮಿತಿಯೂ ಹಾಗೇ. ವರ್ಷಕ್ಕೆ 32,000 ರೂ. ಅಂದ್ರೆ ತಿಂಗಳಿಗೆ 2,700 ರೂ. ಒಳಗೆ. 2024-25ರಲ್ಲಿ ರಾಜ್ಯದಲ್ಲಿ ನರೇಗಾ ದಿನಗೂಲಿ 349 ರೂ. ಇತ್ತು. 100 ದಿನ ಪೂರ್ತಿ ಕೆಲಸ ಮಾಡಿದರೆ 34,900 ರೂ. ಸರ್ಕಾರವೇ ಕೊಡೋ ಕೂಲಿಯನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದರೆ ಸರ್ಕಾರದ ಮಾಸಾಶನಕ್ಕೆ ಅರ್ಹತೆ ತಪ್ಪುತ್ತೆ! ಇಷ್ಟು ಕಡಿಮೆ ಮಿತಿ ಇಟ್ಟರೆ ಪ್ರಾಮಾಣಿಕವಾಗಿ ಆದಾಯ ಹೇಳಿದವನೇ ಹೊರಗುಳಿಯೋ ಅಪಾಯ ಇದೆ. ಅನರ್ಹರನ್ನು ತೆಗೆಯೋ ಪರಿಶೀಲನೆ ಬಂದಾಗಲೆಲ್ಲ ನಿಜವಾದ ಬಡವರಿಗೂ ಭಯ.

ಯುವನಿಧಿ: ಕೆಲಸ ಇಲ್ಲ ಅಂತ ಮತ್ತೆ ಮತ್ತೆ ಹೇಳಬೇಕು

ಯುವನಿಧಿಗೆ 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯ್ತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ, ಗರಿಷ್ಠ ಎರಡು ವರ್ಷ. ಮೊದಲ ಕಂತಿನಿಂದ ತಪ್ಪದೆ ಪಡೆದವರ 24 ತಿಂಗಳ ಲೆಕ್ಕ 2026ರ ಆರಂಭಕ್ಕೆ ಬಂದು ನಿಲ್ಲುತ್ತೆ.

ಇಲ್ಲಿ ಎರಡು ಕಡೆ ಎಡವೋದು ಜಾಸ್ತಿ. ಒಂದು, ಪದವಿಯ ದಾಖಲೆ. ಅರ್ಜಿದಾರ ಅಂಕಪಟ್ಟಿ ಕೈಯಲ್ಲಿ ಹಿಡಿದು ತೋರಿಸಿದರೆ ಸಾಲದು, ವಿಶ್ವವಿದ್ಯಾಲಯ ಅದನ್ನು ರಾಷ್ಟ್ರೀಯ ಶೈಕ್ಷಣಿಕ ಡಿಪಾಸಿಟರಿಗೆ ಏರಿಸಿರಬೇಕು. ಅಲ್ಲಿ ಇಲ್ಲದಿದ್ದರೆ ಅಥವಾ ಹೆಸರು ತಾಳೆಯಾಗದಿದ್ದರೆ ಅರ್ಜಿ ಮುಂದೆ ಹೋಗಲ್ಲ. ತಪ್ಪು ಹುಡುಗನದ್ದಲ್ಲ, ಅಲೆದಾಟ ಮಾತ್ರ ಹುಡುಗನದ್ದು.

ಎರಡನೆಯದು ಸ್ವಯಂ ಘೋಷಣೆ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ’ ಅಂತ ಸೇವಾ ಸಿಂಧುವಿನಲ್ಲಿ ಆಗಾಗ ಹೇಳುತ್ತಿರಬೇಕು. ಶುರುವಿನಲ್ಲಿ ಇದು ಪ್ರತಿ ತಿಂಗಳೂ 25ರೊಳಗೆ ಆಗಬೇಕಿತ್ತು. ಒಂದು ಸಲ ಅರ್ಜಿ ಹಾಕಿದರೆ ಎರಡು ವರ್ಷ ಬರುತ್ತೆ ಅಂದುಕೊಂಡವರಿಗೆ ಹಣ ನಿಂತ ಮೇಲೆಯೇ ಈ ನಿಯಮ ಗೊತ್ತಾಗಿದ್ದು. ಸುಳ್ಳು ಘೋಷಣೆ ಮಾಡಿದರೆ ಕ್ರಮ ಅಂತ ಎಚ್ಚರಿಕೆಯೂ ಇದೆ. ಅಡಿಕೆ ಕೊಯ್ಲಿನ ಒಂದು ತಿಂಗಳು ಕೂಲಿಗೆ ಹೋದವನು, ಹಬ್ಬದ ಸೀಸನ್‌ನಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತವಳು ಉದ್ಯೋಗಿಗಳೋ ನಿರುದ್ಯೋಗಿಗಳೋ? ಮಲೆನಾಡಿನ ಕೆಲಸದ ರೀತಿಗೆ ‘ಇದೆ’ ಅಥವಾ ‘ಇಲ್ಲ’ ಅನ್ನೋ ಎರಡೇ ಉತ್ತರ ಸಾಲೋದಿಲ್ಲ. ಹೆದರಿದವರು ಘೋಷಣೆ ಮಾಡೋದನ್ನೇ ಬಿಡ್ತಾರೆ.

ಇನ್ನೊಂದು ಮಾತು. ಕೊನೆ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಉಳಿಸಿಕೊಂಡವರಿಗೆ, ಪಿಯುಸಿಗೆ ನಿಲ್ಲಿಸಿದವರಿಗೆ, ಐಟಿಐ ಮಾಡಿದವರಿಗೆ ಯುವನಿಧಿಯಲ್ಲಿ ಜಾಗ ಇಲ್ಲ. ತಾಲೂಕಿನಲ್ಲಿ ಕೆಲಸ ಹುಡುಕುವವರಲ್ಲಿ ಇವರೂ ಇದ್ದಾರೆ ಅನ್ನೋದನ್ನು ಯೋಜನೆ ಲೆಕ್ಕಕ್ಕೇ ತಗೊಂಡಿಲ್ಲ.

ಅಂಗಡಿಯವರಿಗೂ ಇದು ಸಂಬಂಧವೇ

800 ರೂ. ಬ್ಯಾಂಕ್‌ನಲ್ಲಿ ಕೂತಿರೋ ಹಣ ಅಲ್ಲ. ಬಂದ ವಾರದಲ್ಲೇ ಕಿರಾಣಿ ಅಂಗಡಿ, ಮೆಡಿಕಲ್ ಶಾಪ್‌ಗೆ ಹೋಗುತ್ತೆ. ಒಂದು ಪಂಚಾಯ್ತಿಯಲ್ಲಿ 20 ಜನರ ಮಾಸಾಶನ ಮೂರು ತಿಂಗಳು ನಿಂತರೆ 48,000 ರೂ. ಆಯ್ತು. ಅದರಲ್ಲಿ ಬಹುಪಾಲು ಯಾರದ್ದೋ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆದಿರುತ್ತೆ. ‘ಪಿಂಚಣಿ ಬಂದ ಕೂಡ್ಲೆ ಕೊಡ್ತೀನಣ್ಣ’ ಅನ್ನೋ ಮಾತು ಕೇಳದ ಅಂಗಡಿಯವರು ಕಡಿಮೆ. ಸರ್ಕಾರ ತಡ ಮಾಡಿದ್ದನ್ನು ಬಡ್ಡಿ ಇಲ್ಲದೆ ಹೊತ್ತುಕೊಳ್ಳೋದು ಊರಿನ ಅಂಗಡಿ.

ಈಗ ಮಾಡಬಹುದಾದದ್ದು

ಮೊದಲು ಹಣ ಎಲ್ಲಿ ನಿಂತಿದೆ ಅಂತ ತಿಳ್ಕೊಳ್ಳಿ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ತಿಂಗಳು ಯಾವ ಬ್ಯಾಂಕ್‌ಗೆ ಹಣ ಹೋಗಿದೆ ಅಂತ ಕಾಣುತ್ತೆ. ಅಲ್ಲಿ ಹಣ ಹೋಗಿದೆ ಅಂತ ಇದ್ದರೆ ಬ್ಯಾಂಕ್‌ಗೆ ಹೋಗಿ, ಇಲ್ಲದಿದ್ದರೆ ತಾಲೂಕು ಕಚೇರಿಗೆ. ಅರ್ಧ ಅಲೆದಾಟ ಇಲ್ಲೇ ಉಳಿಯುತ್ತೆ.

ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಯುಡಿಐಡಿ, ಮಾಸಾಶನದ ಅರ್ಜಿಗೆ ಮೊದಲು ಕೇಳಬೇಕಾದ್ದು ಅವರನ್ನ. ಪ್ರಮಾಣಪತ್ರಕ್ಕೆ ಅವಧಿ ಇದ್ದರೆ ಮುಗಿಯೋ ಆರು ತಿಂಗಳ ಮುಂಚೆಯೇ ಓಡಾಟ ಶುರು ಮಾಡೋದು ಒಳ್ಳೇದು.

ಹೊಸ ಅರ್ಜಿ ಹಾಕಿದಾಗ ಸಕಾಲ ನಂಬರ್ ಇರೋ ಸ್ವೀಕೃತಿ ಬಿಡಬೇಡಿ. ಗಡುವು ಮೀರಿದರೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ಕೇಳೋ ಹಕ್ಕು ಸಕಾಲ ಕಾಯ್ದೆಯಲ್ಲಿದೆ. ಆದ್ರೆ ಸಕಾಲದ ಗಡಿಯಾರ ಓಡೋದು ಹಾಕಿದ ಅರ್ಜಿಗೆ. ಮಂಜೂರಾದ ಮೇಲೆ ನಿಂತ ಹಣಕ್ಕೆ ಅರ್ಜಿಯೇ ಇರಲ್ಲ, ಹಾಗಾಗಿ ಗಡಿಯಾರವೂ ಇರಲ್ಲ. ಅದಕ್ಕೇ ಬಾಯಿಮಾತಲ್ಲಿ ಕೇಳಿ ವಾಪಸ್ ಬರಬೇಡಿ. ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ‘ನನ್ನ ಮಾಸಾಶನ ಯಾವ ದಿನ, ಯಾವ ಕಾರಣಕ್ಕೆ, ಯಾರ ಆದೇಶದಿಂದ ನಿಂತಿದೆ’ ಅಂತ ಕೇಳಬಹುದು. ಶುಲ್ಕ 10 ರೂ., ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಪಿಂಚಣಿ ಅದಾಲತ್, ಜನಸ್ಪಂದನ ಸಭೆ, ಯುವನಿಧಿಯಾದರೆ ತಾಲೂಕು ಗ್ಯಾರಂಟಿ ಅನುಷ್ಠಾನ ಸಮಿತಿಯ ಸಭೆಗೆ ಇದೇ ಸೀಲ್ ಇರೋ ಕಾಗದ ಹಿಡಿದು ಹೋದರೆ ಮಾತಿಗೆ ತೂಕ ಬರುತ್ತೆ.

ಆದ್ರೆ ಎಲ್ಲವನ್ನೂ ಅರ್ಜಿದಾರನ ಮೇಲೆ ಹಾಕೋದು ನ್ಯಾಯ ಅಲ್ಲ. ಹಣ ಹಾಕೋ ಕಂಪ್ಯೂಟರ್‌ಗೆ ಹಣ ನಿಂತ ಕಾರಣವೂ ಗೊತ್ತಿರುತ್ತೆ. ಅದೇ ಕಾರಣವನ್ನು ಕನ್ನಡದಲ್ಲಿ ಒಂದು ಮೆಸೇಜ್ ಕಳಿಸೋದು, ನಿಂತುಹೋದವರ ಪಟ್ಟಿಯನ್ನು ತಿಂಗಳಿಗೊಮ್ಮೆ ಗ್ರಾಮ ಆಡಳಿತ ಅಧಿಕಾರಿಗೆ ಕೊಟ್ಟು ಮನೆಗೆ ತಿಳಿಸೋದು, ತಾಲೂಕು ಕಚೇರಿಯಲ್ಲಿ ಬ್ಯಾಂಕ್ ಮತ್ತು ಖಜಾನೆ ವಿಷಯ ಎರಡನ್ನೂ ನೋಡೋ ಒಂದೇ ಟೇಬಲ್ ಇಡೋದು. ಈ ಮೂರಕ್ಕೂ ಹೊಸ ಯೋಜನೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಹಣ ನಿಲ್ಲಿಸೋ ಅಧಿಕಾರ ಇರೋ ಕಚೇರಿಗೆ, ಯಾಕೆ ನಿಲ್ಲಿಸಿದೆ ಅಂತ ಹೇಳೋ ಜವಾಬ್ದಾರಿಯೂ ಇರಬೇಕು. ಮುಂದಿನ ತಾಲೂಕು ಪಂಚಾಯ್ತಿ ಕೆಡಿಪಿ ಸಭೆಯಲ್ಲಿ ಶಾಸಕರು ಅಧಿಕಾರಿಗಳಿಗೆ ಎಷ್ಟು ಜನರಿಗೆ ಮಂಜೂರಾಗಿದೆ ಅಂತ ಕೇಳೋದರ ಜೊತೆಗೆ, ಎಷ್ಟು ಜನರಿಗೆ ನಿಂತಿದೆ, ಯಾಕೆ ನಿಂತಿದೆ ಅಂತಲೂ ಕೇಳಲಿ.