ಬಣ್ಣದ ಮೂಲವನ್ನರಿಯಲು ಭಯವೇಕೆ?

ಶ್ರುತಭಂಡಾರಗಳಲ್ಲಿರುವ ಸಚಿತ್ರ ಹಸ್ತಪ್ರತಿಗಳ ಬಣ್ಣಗಳನ್ನು ಪರೀಕ್ಷಿಸಬೇಕೆಂಬ ಮಾತು ಬಂದೊಡನೆ ಆಕ್ಷೇಪಗಳು ಏಳುತ್ತವೆ. ಪೂಜ್ಯ ಗ್ರಂಥವನ್ನು ಕೆರೆದು ನೋಡುವುದು ಅವಿನಯವೆಂದು ಕೆಲವರು ಬಹಿರಂಗವಾಗಿಯೇ ಹೇಳುತ್ತಾರೆ. ಇನ್ನೊಂದು ಆತಂಕ ಪಿಸುಮಾತಿನಲ್ಲಿಯೇ ಉಳಿಯುತ್ತದೆ: ಜಿನಚಿತ್ರದ ಕೆಂಪು ಅರಗಿನ ಹುಳುವಿನಿಂದ ತೆಗೆದ ಲಾಕ್ಷಾರಸವೆಂದು ತಿಳಿದುಬಂದರೆ ಅಹಿಂಸೆಯನ್ನು ಸಾರುವ ಸಮಾಜ ಏನೆಂದು ಉತ್ತರಿಸಬೇಕು?

ಬಣ್ಣದ ಕಣವನ್ನು ಕಿತ್ತು ಪ್ರಯೋಗಶಾಲೆಗೆ ಒಯ್ಯದೆ ಗತ್ಯಂತರವಿಲ್ಲದಿದ್ದ ಕಾಲದಲ್ಲಿ ಮೊದಲ ಆಕ್ಷೇಪಕ್ಕೆ ಆಧಾರವಿತ್ತು. ಈಗ ಎಕ್ಸ್-ರೇ ಪ್ರತಿದೀಪ್ತಿ ವಿಧಾನದಲ್ಲಿ ಚಿತ್ರವನ್ನು ಮುಟ್ಟದೆಯೇ ಕಿರಣ ಹಾಯಿಸಿದರೆ, ಅದರಲ್ಲಿರುವ ಧಾತುಗಳು ತಂತಮ್ಮ ಗುರುತಿನ ಕಿರಣಗಳನ್ನು ಹೊರಸೂಸುತ್ತವೆ. ಕೆಂಪಿನಲ್ಲಿ ಪಾದರಸ ಕಂಡರೆ ಅದು ಇಂಗಳೀಕ. ಹಳದಿಯಲ್ಲಿ ಆರ್ಸೆನಿಕ್ ಕಂಡರೆ ಹರಿತಾಳ. ಆದರೆ ಸಸ್ಯಜನ್ಯ, ಕೀಟಜನ್ಯ ಬಣ್ಣಗಳಿಗೆ ಈ ಉಪಕರಣ ಕುರುಡು. ಅಲ್ಲಿ ಪ್ರತಿಫಲಿತ ಬೆಳಕಿನ ವರ್ಣಪಟಲವನ್ನು ಓದಬೇಕು. ಕೀಟಜನ್ಯ ಕೆಂಪು ಸುಮಾರು 525 ಮತ್ತು 560 ನ್ಯಾನೊಮೀಟರುಗಳ ಬಳಿ ಬೆಳಕನ್ನು ಹೀರಿದರೆ, ಮಂಜಿಷ್ಠದಂತಹ ಬೇರಿನ ಕೆಂಪು 510 ಮತ್ತು 540ರ ಬಳಿ ಹೀರುತ್ತದೆ. ಬೆರಕೆಯ ಬಣ್ಣದಲ್ಲಿ ಈ ಗುರುತು ಮಸುಕಾಗುವುದೂ ಉಂಟು. ಒಂದೇ ಯಂತ್ರದ ನುಡಿಯನ್ನು ಪೂರ್ಣಸತ್ಯವೆಂದು ಸಾರುವ ವರದಿಯನ್ನು ಅನೇಕಾಂತದ ಅನುಯಾಯಿಗಳಾದರೂ ಒಪ್ಪಬಾರದು.

ಇನ್ನು ಆ ಪಿಸುಮಾತು. ಹಸುಗಳಿಗೆ ಮಾವಿನೆಲೆಯನ್ನೇ ತಿನ್ನಿಸಿ ಅವುಗಳ ಮೂತ್ರದಿಂದ ಹಳದಿ ಬಣ್ಣ ತಯಾರಿಸುವುದನ್ನು ಬಿಹಾರದ ಮುಂಗೇರದ ಬಳಿ ಕಂಡುದಾಗಿ 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ವರದಿ ಮಾಡಿದರು. ಅದು ಕಟ್ಟುಕಥೆಯಿರಬಹುದೆಂದು ಸಂಶಯಿಸಿದವರಿದ್ದರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಉಳಿದಿದ್ದ ಅವರ ಮಾದರಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು ಆ ವರದಿಯನ್ನು ಸಮರ್ಥಿಸಿತು. ಸಂಶಯಿಸಿದವರಿಂದ ಒಂದು ಹಸುವಿನ ನೋವೂ ಕಡಿಮೆಯಾಗಲಿಲ್ಲ. ಲಾಕ್ಷಾರಸದ ವಿಷಯವೂ ಹಾಗೆಯೇ. ಶತಮಾನಗಳ ಹಿಂದೆ ಸತ್ತ ಕೀಟಗಳು ಇಂದಿನವರ ಅಜ್ಞಾನದಿಂದ ಬದುಕುವುದಿಲ್ಲ. ಪಂಚಾಣುವ್ರತಗಳಲ್ಲಿ ಅಹಿಂಸೆಯ ಪಕ್ಕದಲ್ಲಿಯೇ ಸತ್ಯವೂ ಇದೆಯೆಂಬುದು ಇಷ್ಟು ಬೇಗ ಮರೆತುಹೋಯಿತೇ?

ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣ ಹೇಳುವಾಗ ಮೊದಲಿಗೆ ಇಟ್ಟದ್ದು ಪ್ರಮಾದವನ್ನು. ಅಂತಹ ಪ್ರಮಾದ ಭಂಡಾರಗಳೊಳಗೇ ಇರಬಹುದು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಹರಿತಾಳ ವಿಷ, ಅದರ ಪುಡಿ ಹಾಳೆ ತಿರುವುವವರ ಬೆರಳಿಗೂ ಅಂಟಬಹುದು. ಯಾವ ಪ್ರತಿಯಲ್ಲಿ ಏನಿದೆಯೆಂದು ತಿಳಿಯದೆ ರಕ್ಷಣೆ ಹೇಗೆ? ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಚಿತ್ರದ ಮೇಲೆ ಎನಾಮೆಲ್ ಬಳಿಸುವವರಿಗೆ ಕಾಣದ ಅವಿನಯ ಕ್ಯಾಮೆರಾದಲ್ಲಿ ಮಾತ್ರ ಕಾಣುವುದು ಸೋಜಿಗವೇ ಸರಿ.

ಶಾಸ್ತ್ರಗಳ ಮುದ್ರಣವನ್ನೂ ಒಮ್ಮೆ ಅವಿನಯವೆಂದೇ ವಿರೋಧಿಸಲಾಗಿತ್ತು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಬಂದಿತು. ಶ್ರುತಕ್ಕೆ ಅದರಿಂದ ಯಾವ ಲೋಪವೂ ಆಗಲಿಲ್ಲ. ಆ 12ನೆಯ ಶತಮಾನದ ಗರಿಗಳ ಮೇಲೆ ಚಿತ್ರಗಳೂ ಇವೆ. ಅಂತಹ ಗರಿಗಳನ್ನು ಊರೂರಿಗೆ ಸಾಗಿಸಬೇಕಾಗಿಲ್ಲ. ಕೈಯಲ್ಲಿ ಹಿಡಿಯಬಹುದಾದ ಉಪಕರಣಗಳಿವೆ, ಅವೇ ಭಂಡಾರಕ್ಕೆ ಬರಲಿ. ಬಾಗಿದ ಗರಿಯನ್ನು ಯಂತ್ರಕ್ಕಾಗಿ ಒತ್ತಿ ನೇರ ಮಾಡಕೂಡದು, ದೀಪದ ಪ್ರಖರತೆಗೂ ಅವಧಿಗೂ ಮಿತಿಯಿರಬೇಕು, ಪರೀಕ್ಷೆಯ ವರದಿಯ ಪ್ರತಿಯೊಂದು ಗ್ರಂಥದ ಕಟ್ಟಿನ ಜೊತೆಯಲ್ಲಿಯೇ ಉಳಿಯಬೇಕು. ಈ ನಿಬಂಧನೆಗಳನ್ನು ವಿಧಿಸುವ ಅಧಿಕಾರ ಭಂಡಾರದ ಆಡಳಿತ ಮಂಡಳಿಗಳ ಕೈಯಲ್ಲಿಯೇ ಇದೆ.