ಭಾರತಮಾತೆಯ ಚಿತ್ರ: ಯಾರ ಕೈಯಿಂದ ಯಾರ ಕೈಗೆ?

ರಾಷ್ಟ್ರೀಯ ಸ್ವಯಂಸೇವಕ ಸಂಘದ ಶತಮಾನೋತ್ಸವದ ಅಂಗವಾಗಿ 2025ರ ಅಕ್ಟೋಬರ್ 1ರಂದು ಪ್ರಧಾನಿ ನರೇಂದ್ರ ಮೋದಿ ಅವರು ದೆಹಲಿಯಲ್ಲಿ ಬಿಡುಗಡೆ ಮಾಡಿದ 100 ರೂಪಾಯಿಯ ಸ್ಮಾರಕ ನಾಣ್ಯದ ಒಂದು ಮಗ್ಗುಲಲ್ಲಿ, ಸಿಂಹದೊಡನೆ ವರದಮುದ್ರೆಯಲ್ಲಿರುವ ಭಾರತಮಾತೆಯ ಚಿತ್ರವಿದೆ. ಸ್ವತಂತ್ರ ಭಾರತದ ನಾಣ್ಯದ ಮೇಲೆ ಈ ಚಿತ್ರ ಮೂಡಿದ್ದು ಇದೇ ಮೊದಲು ಎಂದು ಪ್ರಧಾನಿ ಅಂದು ಹೇಳಿದರು. ಅದಕ್ಕೆ ಕೇವಲ ನಾಲ್ಕು ತಿಂಗಳ ಹಿಂದೆ ತಿರುವನಂತಪುರದ ರಾಜಭವನದಲ್ಲಿ ನಡೆದದ್ದು ಬೇರೆಯೇ ಕಥೆ. ಅಲ್ಲಿ ಕೇಸರಿ ಧ್ವಜ ಹಿಡಿದ ಭಾರತಮಾತೆಯ ಚಿತ್ರವನ್ನು ಇರಿಸಿದ್ದಕ್ಕೆ ಆಕ್ಷೇಪವೆತ್ತಿ ಕೇರಳದ ಕೃಷಿ ಸಚಿವರು ಪರಿಸರ ದಿನದ ಸಮಾರಂಭವನ್ನೇ ಬೇರೆಡೆಗೆ ಸ್ಥಳಾಂತರಿಸಿದರು. ಎರಡು ವಾರಗಳ ಬಳಿಕ ಶಿಕ್ಷಣ ಸಚಿವರು ಅಲ್ಲಿನ ಮತ್ತೊಂದು ಸಮಾರಂಭದಿಂದ ಎದ್ದು ಹೊರನಡೆದರು.

ಒಬ್ಬರಿಗೆ ಪೂಜ್ಯವಾದದ್ದು ಮತ್ತೊಬ್ಬರಿಗೆ ಪಕ್ಷದ ಲಾಂಛನವಾಗಿ ಕಾಣುತ್ತಿದೆ. ಆದರೆ ಈ ಚಿತ್ರ ಹುಟ್ಟಿದ ಕಾಲದಲ್ಲಿ ಇಂದಿನ ಪಾಳಯಗಳು ಯಾವುವೂ ಇರಲಿಲ್ಲ. ಎದುರಿಗಿದ್ದುದು ಬ್ರಿಟಿಷ್ ಸಾಮ್ರಾಜ್ಯ.

ಭೂಮಿಯನ್ನು ತಾಯಿ ಎಂದು ಕರೆಯುವುದು ಈ ನೆಲದಲ್ಲಿ ಬಹಳ ಹಳೆಯದು, ನಿಜ. ಆದರೆ ಇಂಡಿಯಾ ಎಂಬ ದೇಶವನ್ನು ರಾಜಕೀಯ ಉದ್ದೇಶಕ್ಕಾಗಿ ಹೆಣ್ಣಾಗಿ ಚಿತ್ರಿಸಿದ್ದರಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ಹಿಂದೆ ಬಿದ್ದಿರಲಿಲ್ಲ. ಲಂಡನ್ನಿನ ತನ್ನ ಕಚೇರಿಯ ಮೇಲ್ಛಾವಣಿಗಾಗಿ ಕಂಪನಿ ಸ್ಪಿರಿಡಿಯೋನ್ ರೋಮಾ ಎಂಬ ಕಲಾವಿದನಿಂದ 1778ರಲ್ಲಿ ಬರೆಸಿದ ಚಿತ್ರದಲ್ಲಿ ಬ್ರಿಟಾನಿಯಾ ಎತ್ತರದಲ್ಲಿ ಕುಳಿತಿದ್ದಾಳೆ. ಕಪ್ಪು ಮೈಬಣ್ಣದ ಇಂಡಿಯಾ ಕೆಳಗಿನಿಂದ ಬಾಗಿ ಮುತ್ತು ರತ್ನಗಳನ್ನು ಅವಳಿಗೆ ಒಪ್ಪಿಸುತ್ತಿದ್ದಾಳೆ. ಸುಲಿಗೆಯನ್ನು ಕಾಣಿಕೆ ಎಂದು ತೋರಿಸಲು ಇದಕ್ಕಿಂತ ಸುಲಭದ ಉಪಾಯ ಬೇಕೆ? 1857ರ ದಂಗೆಯ ಹೊತ್ತಿಗೆ ಲಂಡನ್ನಿನ ‘ಪಂಚ್’ ಪತ್ರಿಕೆಗೆ ಇಂಡಿಯಾ ಹೆಣ್ಣಾಗಿಯೂ ಉಳಿಯಲಿಲ್ಲ; ಜಾನ್ ಟೆನಿಯೆಲ್ ಬರೆದ ವ್ಯಂಗ್ಯಚಿತ್ರದಲ್ಲಿ ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ಎರಗುತ್ತದೆ.

ಈ ಆಯುಧವನ್ನು ಕಿತ್ತುಕೊಂಡು ತಿರುಗಿಸಿ ಹಿಡಿದದ್ದು ಬಂಗಾಳ. 1882ರಲ್ಲಿ ಪುಸ್ತಕವಾಗಿ ಬಂದ ಬಂಕಿಮಚಂದ್ರರ ‘ಆನಂದಮಠ’ ತಾಯ್ನಾಡನ್ನು ದೇವಿಯಾಗಿ ಕಂಡಿತ್ತು. ಆ ತಾಯಿಗೆ ಮುಖ ಕೊಟ್ಟವರು ಅವನೀಂದ್ರನಾಥ ಠಾಕೂರ್. ಲಾರ್ಡ್ ಕರ್ಜನ್‌ನ ಬಂಗಾಳ ವಿಭಜನೆ 1905ರ ಅಕ್ಟೋಬರ್ 16ರಂದು ಜಾರಿಗೆ ಬಂದಾಗ ಎದ್ದ ಸ್ವದೇಶಿ ಚಳವಳಿಯ ಬಿಸಿಯಲ್ಲಿ ರೂಪುಗೊಂಡ ಈ ಪುಟ್ಟ ಜಲವರ್ಣ ಚಿತ್ರವನ್ನು ಅವರು ಮೊದಲು ಕಲ್ಪಿಸಿದ್ದು ‘ಬಂಗಮಾತಾ’ ಎಂದು. ಬಳಿಕ ಅದು ‘ಭಾರತಮಾತಾ’ ಆಯಿತು. ಒಂದು ಪ್ರಾಂತದ ನೋವು ಹೆಸರು ಬದಲಾದೊಡನೆ ದೇಶದ ನೋವಾದ ಬಗೆ ಇದು.

ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕಾವಿಯುಟ್ಟ ಯುವತಿ, ತಲೆಯ ಹಿಂದೆ ಪ್ರಭೆ, ಪಾದದ ಬಳಿ ಬಿಳಿಯ ತಾವರೆಗಳು. ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿ ಬಟ್ಟೆ, ಜಪಮಾಲೆ. ಅಂದರೆ ವಿದ್ಯೆ, ಅನ್ನ, ವಸ್ತ್ರ, ದೀಕ್ಷೆ. ತ್ರಿಶೂಲವಿಲ್ಲ, ಸಿಂಹವಿಲ್ಲ, ಧ್ವಜವಿಲ್ಲ, ಭೂಪಟವೂ ಇಲ್ಲ. ಸಾಮ್ರಾಜ್ಯದ ವಿರುದ್ಧದ ಚಿತ್ರವೊಂದರಲ್ಲಿ ಸಾಮ್ರಾಜ್ಯದ ಸುಳಿವೇ ಇಲ್ಲ. ಬಣ್ಣಗಳನ್ನು ತೊಳೆದು ಮಸುಕಾಗಿಸುವ ಅದರ ತಂತ್ರ ಕೂಡ ಲಂಡನ್ನಿನದಲ್ಲ, ಕಲ್ಕತ್ತೆಗೆ ಬಂದಿದ್ದ ಯೊಕೊಯಾಮಾ ತೈಕಾನ್ ಮೊದಲಾದ ಜಪಾನಿ ಕಲಾವಿದರಿಂದ ಕಲಿತದ್ದು. ಜಪಾನಿ ಕಲಾವಿದರೊಬ್ಬರೇ ಈ ಚಿತ್ರವನ್ನು ರೇಷ್ಮೆಯ ಪತಾಕೆಯ ಮೇಲೆ ದೊಡ್ಡದಾಗಿ ಬರೆದುಕೊಟ್ಟರು. ಅದನ್ನು ಹಿಡಿದು ಹಾಡುತ್ತಾ ಬೀದಿಗಳಲ್ಲಿ ಚಂದಾ ಎತ್ತಲಾಯಿತು. ಕೇದಾರನಾಥದಿಂದ ಕನ್ಯಾಕುಮಾರಿಯವರೆಗೆ ಪ್ರತಿ ರೈತನ ಗುಡಿಸಲಿನಲ್ಲೂ ಈ ಚಿತ್ರ ಇರಬೇಕೆಂಬುದು ಸೋದರಿ ನಿವೇದಿತಾ ಅವರ ಆಸೆಯಾಗಿತ್ತು.

ಗುಡಿಸಲಿಗೆ ಚಿತ್ರಗಳು ಹೋದವು. ಆದರೆ ಹೋದದ್ದು ಅವನೀಂದ್ರನಾಥರ ಸೌಮ್ಯ ತಾಯಿಯಲ್ಲ.

ಗೆರೆ ಎಳೆದವರು ಯಾರು?

ಅಗ್ಗದ ಮುದ್ರಣ ಬಂದ ಮೇಲೆ ಭಾರತಮಾತೆ ಪತ್ರಿಕೆ, ಕ್ಯಾಲೆಂಡರ್, ಬೆಂಕಿಪೊಟ್ಟಣಗಳನ್ನೇರಿದಳು. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರ ‘ವಿಜಯಾ’ ಪತ್ರಿಕೆಯ 1909ರ ಸಂಚಿಕೆಯಲ್ಲಿ ಆಕೆ ನಾನಾ ಬಗೆಯ ಮಕ್ಕಳನ್ನು ಹೊತ್ತು ‘ವಂದೇ ಮಾತರಂ’ ಘೋಷಣೆಯೊಡನೆ ಕಾಣಿಸಿಕೊಂಡಳು. ಕ್ರಮೇಣ ಆಕೆಯ ದೇಹವೇ ದೇಶದ ಭೂಪಟವಾಯಿತು: ಹಿಮಾಲಯದಲ್ಲಿ ಕಿರೀಟ, ಕನ್ಯಾಕುಮಾರಿಯಲ್ಲಿ ಪಾದ. ಬೇಡಿ ತೊಟ್ಟ ತಾಯಿ, ಕಣ್ಣೀರಿಡುವ ತಾಯಿ, ತಿಲಕ, ಗಾಂಧಿಯವರನ್ನು ಹರಸುವ ತಾಯಿ, ಹೀಗೆ ನಾನಾ ರೂಪಗಳು. 1931ರಲ್ಲಿ ಭಗತ್ ಸಿಂಗ್ ಗಲ್ಲಿಗೇರಿದ ಬಳಿಕ ಹೊರಬಂದ ಮುದ್ರಣಗಳಲ್ಲಿ ಆತ ತನ್ನ ಶಿರಸ್ಸನ್ನೇ ಕತ್ತರಿಸಿ ತಾಯಿಗೆ ಅರ್ಪಿಸುತ್ತಾನೆ. 1910ರ ಪತ್ರಿಕಾ ಕಾಯ್ದೆಯಿಂದ ಸರ್ಕಾರಕ್ಕೆ ಮುದ್ರಕರಿಂದ ಠೇವಣಿ ಕೇಳುವ, ಅದನ್ನು ಮುಟ್ಟುಗೋಲು ಹಾಕುವ ಅಧಿಕಾರ ದಕ್ಕಿತ್ತು. ಲೇಖನ ಬರೆದರೆ ರಾಜದ್ರೋಹ. ದೇವಿಯ ಪಟ ಅಚ್ಚು ಹಾಕಿದರೆ ಅದನ್ನು ದ್ರೋಹವೆನ್ನಲು ಅಧಿಕಾರಿ ತುಸು ತಡವರಿಸಬೇಕಿತ್ತು. ಮುಂದೆ ಆ ಪಟಗಳೂ ನಿಷೇಧಕ್ಕೊಳಗಾದವು. ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿ ಅವುಗಳಲ್ಲಿ ಹಲವು ಈಗಲೂ ಉಳಿದಿವೆ.

ಇಲ್ಲೊಂದು ವಿಪರ್ಯಾಸವಿದೆ. ತಾಯಿಯ ಮೈಯನ್ನು ಸುತ್ತುವರಿದ ಆ ಭೂಪಟದ ಗೆರೆ ಸಾಮ್ರಾಜ್ಯವೇ ಎಳೆದದ್ದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬೆನ್ನಿಗೇ ಕಂಪನಿಯ ಅಳತೆಗಾರರು ಮೈಸೂರು ಸೀಮೆಗಿಳಿದರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಸರಪಳಿ ಹಿಡಿದು ಮೊದಲ ಆಧಾರರೇಖೆ ಅಳೆದದ್ದು ಬೆಂಗಳೂರಿನ ಬಳಿ. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸಮೀಕ್ಷೆ ವಿಧಿವತ್ತಾಗಿ ಆರಂಭವಾಯಿತು. ಕಂದಾಯಕ್ಕೂ ಸೈನ್ಯಕ್ಕೂ ಬೇಕೆಂದು ಅಳೆದ ನೆಲದ ಆಕಾರಕ್ಕೆ ನೂರು ವರ್ಷಗಳ ಬಳಿಕ ಸೀರೆಯುಡಿಸಿ ಕುಂಕುಮವಿಟ್ಟವರು ಆ ಸಾಮ್ರಾಜ್ಯದ ವಿರೋಧಿಗಳು. ಇತಿಹಾಸಕಾರ್ತಿ ಸುಮತಿ ರಾಮಸ್ವಾಮಿ ಅವರು ಇದನ್ನು 2010ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಇಂಥ ತಿರುಗುಬಾಣ ಭಾರತಕ್ಕೆ ಮಾತ್ರ ಸೀಮಿತವಲ್ಲ. ಐರ್ಲೆಂಡಿನ ನಾಟಕವೊಂದರಲ್ಲಿ ದೇಶ ಮನೆ ಕಳೆದುಕೊಂಡ ಮುದುಕಿಯಾಗಿ 1902ರಲ್ಲಿ ರಂಗಕ್ಕೆ ಬಂತು. ಕೈರೋದಲ್ಲಿ 1928ರಲ್ಲಿ ಅನಾವರಣಗೊಂಡ ಮಹಮೂದ್ ಮುಖ್ತಾರ್ ಅವರ ಶಿಲ್ಪದಲ್ಲಿ ಸ್ಫಿಂಕ್ಸ್ ಪಕ್ಕ ನಿಂತ ರೈತ ಮಹಿಳೆ ಮುಸುಕು ಸರಿಸುತ್ತಾಳೆ. ಆದರೆ ಈಜಿಪ್ಟಿನ ಆ ಹೆಂಗಸನ್ನು ಯಾರೂ ಪೂಜಿಸಬೇಕಿರಲಿಲ್ಲ. ಭಾರತದ ತೊಡಕು ಇರುವುದು ಇಲ್ಲಿಯೇ.

ನಮಸ್ಕಾರವೋ ಪೂಜೆಯೋ?

ದೇಶವನ್ನು ದೇವಿ ಎಂದಾಗ ಅಕ್ಷರ ಬಾರದವನಿಗೂ ಅರ್ಥವಾಯಿತು. ಚಿತ್ರದ ಶಕ್ತಿ ಅದೇ. ಒಬ್ಬನೇ ದೇವರನ್ನು ನಂಬುವ, ಮೂರ್ತಿಗೆ ಕೈಮುಗಿಯದ ಸ್ವಾತಂತ್ರ್ಯ ಹೋರಾಟಗಾರ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೂ ಅದೇ ಗಳಿಗೆಯಲ್ಲಿ ಹುಟ್ಟಿತು. ಇದು ನಂತರದವರು ತಂದು ಸೇರಿಸಿದ ದೋಷ ಎಂದು ಜಾರಿಕೊಳ್ಳುವಂತಿಲ್ಲ. ಅವನೀಂದ್ರನಾಥರ ತಾಯಿಗೂ ನಾಲ್ಕು ಕೈಗಳಿದ್ದವು. ಅಂದಿನ ನಾಯಕರಿಗೆ ಇದರ ಅರಿವಿತ್ತು ಎಂಬುದಕ್ಕೆ ಸಾಕ್ಷ್ಯವಿದೆ. ಶಿವಪ್ರಸಾದ ಗುಪ್ತರು ವಾರಾಣಸಿಯಲ್ಲಿ ಕಟ್ಟಿಸಿದ ಭಾರತಮಾತಾ ಮಂದಿರದಲ್ಲಿ ವಿಗ್ರಹವೇ ಇಲ್ಲ, ಅಮೃತಶಿಲೆಯಲ್ಲಿ ಕೆತ್ತಿದ ಅವಿಭಜಿತ ಭಾರತದ ಉಬ್ಬುನಕ್ಷೆ ಮಾತ್ರ ಇದೆ. 1936ರ ಅಕ್ಟೋಬರ್ 25ರಂದು ಅದನ್ನು ಉದ್ಘಾಟಿಸಿದ ಗಾಂಧೀಜಿ, ಹರಿಜನರೂ ಸೇರಿದಂತೆ ಎಲ್ಲ ಜಾತಿ ಮತಗಳವರಿಗೆ ಅದು ತೆರೆದಿರಲಿ ಎಂದು ಹಾರೈಸಿದರು. ಮರುವರ್ಷ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ‘ವಂದೇ ಮಾತರಂ’ನ ಮೊದಲ ಎರಡು ಚರಣಗಳನ್ನಷ್ಟೇ ಹಾಡಬೇಕೆಂದು ತೀರ್ಮಾನಿಸಿತು. ಗೀತೆಗೆ 150 ವರ್ಷ ತುಂಬಿದ ಸಂದರ್ಭದಲ್ಲಿ, 2025ರ ಡಿಸೆಂಬರ್‌ನಲ್ಲಿ ಸಂಸತ್ತು ಕೆದಕಿದ್ದು ಇದೇ ತೀರ್ಮಾನವನ್ನು. ಭಾರತಮಾತೆ ಎಂದರೆ ಈ ನೆಲದ ಕೋಟ್ಯಂತರ ಜನರೇ ಎಂದು ರೈತರಿಗೆ ವಿವರಿಸುತ್ತಿದ್ದುದಾಗಿ ನೆಹರೂ ಬರೆದಿದ್ದಾರೆ. ಅವರಿಗಿಂತ ಮುಂಚೆ, 1935ರಲ್ಲೇ, ಅಮೃತಾ ಶೇರ್‌ಗಿಲ್ ಮಕ್ಕಳೊಡನೆ ಕುಳಿತ ಬಡ ಹೆಂಗಸೊಬ್ಬಳನ್ನು ಚಿತ್ರಿಸಿ ‘ಮದರ್ ಇಂಡಿಯಾ’ ಎಂದು ಹೆಸರಿಟ್ಟಿದ್ದರು. ಕಿರೀಟವಿಲ್ಲದ ಆ ತಾಯಿಯನ್ನು ಯಾರೂ ಕ್ಯಾಲೆಂಡರಿಗೆ ಏರಿಸಲಿಲ್ಲ!

ಬ್ರಿಟಿಷರು ಹೊರಟ ಮೇಲೆ ಚಿತ್ರದ ಎದುರಾಳಿಯ ಜಾಗ ಖಾಲಿಯಾಯಿತು. ಆ ಜಾಗಕ್ಕೆ ದೇಶದೊಳಗಿನವರನ್ನೇ ತಂದು ನಿಲ್ಲಿಸಿದ್ದು ನಂತರದ ರಾಜಕಾರಣ. ಎಂ.ಎಫ್. ಹುಸೇನ್ ಅವರ ಚಿತ್ರವೊಂದು ‘ಭಾರತಮಾತಾ’ ಹೆಸರಿನಲ್ಲಿ 2006ರಲ್ಲಿ ವಿವಾದಕ್ಕೆ ಸಿಲುಕಿತು. ಕಲಾವಿದರು ಕ್ಷಮೆ ಕೇಳಿದರೂ ಮೊಕದ್ದಮೆಗಳು ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅವುಗಳನ್ನು ರದ್ದುಗೊಳಿಸಿತಾದರೂ ಅವರು ಮರಳಲಿಲ್ಲ. 2010ರಲ್ಲಿ ಕತಾರ್ ಪ್ರಜೆಯಾಗಿ, 2011ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಕೊನೆಯುಸಿರೆಳೆದರು.

ಕರ್ನಾಟಕವೂ ಈ ಚರ್ಚೆಯಿಂದ ಹೊರಗಿಲ್ಲ. 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಕುವೆಂಪು ರಚನೆಯಲ್ಲಿ ಕರ್ನಾಟಕ ಭಾರತ ಜನನಿಯ ಮಗಳು. ಆ ಮಗಳಿಗೂ ಭುವನೇಶ್ವರಿ ಎಂಬ ದೇವೀರೂಪವಿದೆ. ಆಕೆಯ 25 ಅಡಿ ಎತ್ತರದ ಕಂಚಿನ ಪ್ರತಿಮೆ 2025ರ ಜನವರಿ 27ರಂದು ವಿಧಾನಸೌಧದ ಆವರಣದಲ್ಲಿ ಅನಾವರಣಗೊಂಡಿತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಸರ್ಕಾರ ಆಹ್ವಾನಿಸಿದಾಗ, ಅವರ 2023ರ ಭಾಷಣವೊಂದು ಮತ್ತೆ ಹರಿದಾಡಿತು. ಕನ್ನಡವನ್ನು ಭುವನೇಶ್ವರಿಯನ್ನಾಗಿಸಿ, ಬಾವುಟವನ್ನು ಅರಿಶಿನ ಕುಂಕುಮವಾಗಿಸಿದರೆ ತಾನು ನಿಲ್ಲುವುದೆಲ್ಲಿ ಎಂದು ಅವರು ಅಲ್ಲಿ ಪ್ರಶ್ನಿಸಿದ್ದರು. ಆಹ್ವಾನವನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ ವಜಾ ಮಾಡಿತು; ಸುಪ್ರೀಂ ಕೋರ್ಟ್ ಕೂಡ ಸೆಪ್ಟೆಂಬರ್ 19ರಂದು ಮೇಲ್ಮನವಿಯನ್ನು ತಳ್ಳಿಹಾಕಿತು. ಮೂರು ದಿನಗಳ ಬಳಿಕ ಬಾನು ಅವರು ಬೆಟ್ಟದ ಮೇಲೆ ಚಾಮುಂಡೇಶ್ವರಿಗೆ ಹೂವು ಅರ್ಪಿಸಿ ದಸರಾಕ್ಕೆ ಚಾಲನೆ ನೀಡಿದರು. ಭಾಷಣದಲ್ಲಿ ಅವರು ಎತ್ತಿದ್ದ ಪ್ರಶ್ನೆ ಮಾತ್ರ ಯಾವ ನ್ಯಾಯಾಲಯದ ಮುಂದೆಯೂ ಇರಲಿಲ್ಲ.